ಅಗ್ಗದ ಎಲೆಕ್ಟ್ರಿಕ್ ಕಾರು: ಶೋರೂಮಿನ ಲೆಕ್ಕ, ಮನೆಯ ಮೀಟರಿನ ಲೆಕ್ಕ

ಹತ್ತು ಲಕ್ಷ ರೂಪಾಯಿಯ ಆಸುಪಾಸಿನ ಎಲೆಕ್ಟ್ರಿಕ್ ಕಾರನ್ನು ಕೊಳ್ಳಲು ಹೊರಟವರು ಮೊದಲು ಕೇಳುವುದು, ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂದು. ಕೇಳಬೇಕಾದ ಪ್ರಶ್ನೆಯೇ ಹೌದು. ಆದರೆ ಇಂಥ ಕಾರು ದಿನನಿತ್ಯದ ಬಳಕೆಯಲ್ಲಿ ನೆಮ್ಮದಿ ಕೊಡುವುದೋ ತಲೆನೋವಾಗುವುದೋ ಎಂಬುದು ಹೆಚ್ಚಾಗಿ ತೀರ್ಮಾನವಾಗುವುದು ರಾತ್ರಿ ಅದು ನಿಲ್ಲುವ ಜಾಗದಲ್ಲಿ. ಅಲ್ಲಿ ಗಟ್ಟಿಮುಟ್ಟಾದ 15 ಆಂಪಿಯರ್ ಪ್ಲಗ್ ಪಾಯಿಂಟ್ ಇದೆಯೇ, ಅದಕ್ಕೆ ಸರಿಯಾದ ಅರ್ಥಿಂಗ್ ಇದೆಯೇ, ಅದರ ವಿದ್ಯುತ್ತು ಯಾರ ಮೀಟರಿನಿಂದ ಬರುತ್ತದೆ ಎಂಬುದು ಸ್ಪಷ್ಟವಿದ್ದರೆ ಉಳಿದ ಲೆಕ್ಕಗಳಲ್ಲಿ ಬಹುಪಾಲು ಸುಲಭವಾಗುತ್ತವೆ.

ಉದಾಹರಣೆಗೆ ಟಾಟಾ ಟಿಯಾಗೊ ಇ.ವಿ.ಯನ್ನೇ ನೋಡೋಣ. 8.49 ಲಕ್ಷ ರೂಪಾಯಿಯ ಆರಂಭಿಕ ಬೆಲೆಯಲ್ಲಿ 2022ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಈ ಕಾರು 19.2 ಮತ್ತು 24 ಕಿಲೋವ್ಯಾಟ್ ಅವರ್‌ಗಳ ಎರಡು ಬ್ಯಾಟರಿಗಳೊಂದಿಗೆ ಬಂತು. ಮರುವರ್ಷ ಬಂದ ಎಂಜಿ ಕಾಮೆಟ್‌ನ ಬ್ಯಾಟರಿ ಇನ್ನೂ ಚಿಕ್ಕದು, 17.3 ಕಿಲೋವ್ಯಾಟ್ ಅವರ್. ಬೆಂಗಳೂರಿನವರಿಗಂತೂ ಈ ಜಾತಿಯ ವಾಹನ ಹೊಸದಲ್ಲ. ಎರಡು ಬಾಗಿಲಿನ ಪುಟ್ಟ ರೇವಾ ಕಾರು 2001ರಲ್ಲೇ ಇಲ್ಲಿಯ ರಸ್ತೆಗಿಳಿದು, ಸೀಸ–ಆಮ್ಲದ ಬ್ಯಾಟರಿಗಳ ಬಲದಲ್ಲಿ ಸುಮಾರು 80 ಕಿಲೋಮೀಟರ್ ಓಡುತ್ತಿತ್ತು.

ಕಿಲೋವ್ಯಾಟ್ ಅವರ್ ಎಂದರೆ ಕರೆಂಟ್ ಬಿಲ್ಲಿನಲ್ಲಿ ನಾವು ತಿಂಗಳಿಗೊಮ್ಮೆ ನೋಡುವ ಯೂನಿಟ್ಟೇ. ಆದ್ದರಿಂದ 24 ಕಿಲೋವ್ಯಾಟ್ ಅವರ್ ಬ್ಯಾಟರಿಯೆಂದರೆ ತುಂಬಿದಾಗ 24 ಯೂನಿಟ್ ವಿದ್ಯುತ್ತನ್ನು ಹಿಡಿದಿಡುವ ಬ್ಯಾಟರಿ. ಒಂದು ಲೀಟರ್ ಪೆಟ್ರೋಲಿನಲ್ಲಿ ಹೆಚ್ಚುಕಡಿಮೆ 9 ಯೂನಿಟ್‌ನಷ್ಟು ಶಕ್ತಿ ಇರುವುದರಿಂದ, ಈ ಇಡೀ ಬ್ಯಾಟರಿಯಲ್ಲಿರುವುದು ಮೂರು ಲೀಟರಿಗೂ ಕಡಿಮೆ ಪೆಟ್ರೋಲಿನ ಶಕ್ತಿ. ಅಷ್ಟರಲ್ಲೇ ಕಾರು ಇನ್ನೂರು ಕಿಲೋಮೀಟರಿನ ತನಕ ಹೋಗುವುದು ಮೋಟಾರಿನ ದಕ್ಷತೆಯಿಂದ. ಪೆಟ್ರೋಲ್ ಎಂಜಿನ್ ಇಂಧನದ ಶಕ್ತಿಯಲ್ಲಿ ದೊಡ್ಡ ಪಾಲನ್ನು ಬಿಸಿಯಾಗಿ ಹೊರಗೆ ಚೆಲ್ಲುತ್ತದೆ. ವಿದ್ಯುತ್ ಮೋಟಾರು ಬಹುಪಾಲನ್ನು ಚಕ್ರಕ್ಕೇ ಮುಟ್ಟಿಸುತ್ತದೆ. ಇದರದೇ ಇನ್ನೊಂದು ಮುಖವನ್ನು ಹೊಸ ಮಾಲೀಕರು ತಡವಾಗಿ ಗಮನಿಸುತ್ತಾರೆ. ಪೆಟ್ರೋಲ್ ಕಾರಿನಲ್ಲಿ ವೇಗ, ಎ.ಸಿ., ಘಾಟಿಯ ಏರುಗಳಿಂದಾಗುವ ಹೆಚ್ಚಿನ ಖರ್ಚು ಆ ದೊಡ್ಡ ಪೋಲಿನೊಳಗೆ ಮುಚ್ಚಿಹೋಗುತ್ತದೆ. ಪೋಲೇ ಇಲ್ಲದ ಕಾರಿನಲ್ಲಿ ಪ್ರತಿಯೊಂದೂ ಪರದೆಯ ಮೇಲಿನ ಕಿಲೋಮೀಟರ್ ಅಂಕಿಯಲ್ಲಿ ಕಣ್ಣಿಗೆ ಹೊಡೆಯುತ್ತದೆ.

24 ಯೂನಿಟ್‌ನ ಟಿಯಾಗೊ ಬಿಡುಗಡೆಯಾದಾಗ ಘೋಷಿತವಾದ ದೂರ 315 ಕಿಲೋಮೀಟರ್. ದಿನಬಳಕೆಯಲ್ಲಿ ಸಿಗುವುದು ಸಾಮಾನ್ಯವಾಗಿ 200ರ ಆಚೀಚೆ. ಇದರಲ್ಲಿ ಸುಳ್ಳೇನೂ ಇಲ್ಲ. ಘೋಷಿತ ಅಂಕಿ ಎಂಐಡಿಸಿ ಎಂಬ ಪರೀಕ್ಷಾ ಕ್ರಮದಿಂದ ಬಂದದ್ದು. ಪ್ರಯೋಗಾಲಯದ ಉರುಳೆಗಳ ಮೇಲೆ, ಎ.ಸಿ. ಹಾಕದೆ, ನಿಧಾನವಾಗಿ ವೇಗ ಪಡೆಯುತ್ತ, ಎಲ್ಲೂ ಗಂಟೆಗೆ 90 ಕಿಲೋಮೀಟರ್ ಮೀರದೆ ಕಾರನ್ನು ಓಡಿಸಿ ಅಳೆದ ಅಂಕಿ ಅದು. ಒಂದು ಕಾರನ್ನು ಇನ್ನೊಂದರೊಡನೆ ಹೋಲಿಸಲು ಅದು ಉಪಯುಕ್ತ. ಮೈಸೂರಿಗೆ ಹೋಗಿಬರಬಹುದೇ ಎಂದು ತೀರ್ಮಾನಿಸಲು ಅಲ್ಲ.

ಹೆದ್ದಾರಿಯಲ್ಲಿ ದೂರವನ್ನು ಕಡಿಮೆ ಮಾಡುವುದು ಮುಖ್ಯವಾಗಿ ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 60ರ ಬದಲು 100ರಲ್ಲಿ ಓಡಿಸಿದಾಗ ಅದು ಎರಡೂಮುಕ್ಕಾಲು ಪಟ್ಟಿಗೂ ಹೆಚ್ಚಾಗುತ್ತದೆ. ಈ ಗಾತ್ರದ ಕಾರಿಗೆ ಟೈರಿನ ಉರುಳು ತಡೆ ಮತ್ತು ಎ.ಸಿ.ಯನ್ನೂ ಸೇರಿಸಿ ಸ್ಥೂಲವಾಗಿ ಲೆಕ್ಕ ಹಾಕಿದರೆ, 80ರ ವೇಗದಲ್ಲಿ ನೂರು ಕಿಲೋಮೀಟರಿಗೆ ಹನ್ನೊಂದೂವರೆ ಯೂನಿಟ್, 100ರ ವೇಗದಲ್ಲಿ ಹದಿನಾಲ್ಕೂವರೆ ಯೂನಿಟ್‌ನ ಸುತ್ತ ಬರುತ್ತದೆ. ಬಳಕೆಗೆ ಸಿಗುವುದು 22 ಯೂನಿಟ್ ಎಂದುಕೊಂಡರೆ ಮೊದಲನೆಯದರಲ್ಲಿ ಸುಮಾರು 190 ಕಿಲೋಮೀಟರ್, ಎರಡನೆಯದರಲ್ಲಿ ಸುಮಾರು 150. ಬೆಂಗಳೂರಿನಿಂದ ಮೈಸೂರಿಗಿರುವ ದೂರ 145 ಕಿಲೋಮೀಟರಿನ ಹತ್ತಿರ ಎಂಬುದನ್ನು ನೆನೆದರೆ ಆ ನಲವತ್ತು ಕಿಲೋಮೀಟರಿನ ಬೆಲೆ ಅರ್ಥವಾಗುತ್ತದೆ. ದಶಪಥ ಹೆದ್ದಾರಿಯಲ್ಲಿ ಎಡಗಡೆಯ ಪಥ ಹಿಡಿದು 80ರಲ್ಲಿ ಹೋದವರು ನಿರಾಳವಾಗಿ ಮೈಸೂರು ಮುಟ್ಟುತ್ತಾರೆ. 100ರಲ್ಲಿ ಹೋದವರು ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ಚಾರ್ಜರ್ ಹುಡುಕುತ್ತಿರುತ್ತಾರೆ.

ಊರೊಳಗಿನ ಲೆಕ್ಕ ಇದಕ್ಕೆ ತಿರುಗುಮುರುಗು. ಸಿಲ್ಕ್ ಬೋರ್ಡ್ ಕಡೆಯ ದಟ್ಟಣೆಯಲ್ಲಿ ಗಾಳಿಯ ತಡೆ ಲೆಕ್ಕಕ್ಕೇ ಬರುವುದಿಲ್ಲ. ಪ್ರತಿ ಸಲ ವೇಗ ತಗ್ಗಿಸಿದಾಗಲೂ ಮೋಟಾರು ಜನರೇಟರಾಗಿ ತಿರುಗಿ ಸ್ವಲ್ಪ ವಿದ್ಯುತ್ತನ್ನು ಬ್ಯಾಟರಿಗೆ ಹಿಂದಿರುಗಿಸುವುದರಿಂದ ನಿಂತು ನಿಂತು ಸಾಗುವುದೂ ಅಷ್ಟು ದುಬಾರಿಯಲ್ಲ. ಅಲ್ಲಿ ಹೊರೆಯಾಗುವುದು ಎ.ಸಿ. ಅದು ಕಿಲೋಮೀಟರಿನ ಲೆಕ್ಕದಲ್ಲಿ ತಿನ್ನುವುದಿಲ್ಲ, ಗಂಟೆಯ ಲೆಕ್ಕದಲ್ಲಿ ತಿನ್ನುತ್ತದೆ. ಗಂಟೆಗೆ ಒಂದು ಯೂನಿಟ್ ಎಂದು ಹಿಡಿದರೆ, ಗಂಟೆಗೆ 20 ಕಿಲೋಮೀಟರಿನ ಸರಾಸರಿಯಲ್ಲಿ ನೂರು ಕಿಲೋಮೀಟರ್ ಸಾಗುವಷ್ಟರಲ್ಲಿ ಎ.ಸಿ. ಒಂದಕ್ಕೇ ಐದು ಯೂನಿಟ್ ಹೋಗಿರುತ್ತದೆ. ಬೆಂಗಳೂರಿನ ಹವೆಯಲ್ಲಿ ಇದು ಅಷ್ಟಾಗಿ ಬಾಧಿಸದು. ಬಿಸಿಲು 42 ಡಿಗ್ರಿ ಮುಟ್ಟುವ ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಅದೇ ಕಾರು ಗಣನೀಯವಾಗಿ ಕಡಿಮೆ ದೂರ ಕೊಟ್ಟರೆ ಅಚ್ಚರಿಪಡಬೇಕಿಲ್ಲ.

ಕರಾವಳಿಯವರು ಮತ್ತು ಮಲೆನಾಡಿನವರು ಘಾಟಿಯ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಮಂಗಳೂರಿನ ಕಡೆಯಿಂದ ಶಿರಾಡಿ ಹತ್ತಿ ಸಕಲೇಶಪುರ ಸೇರುವಷ್ಟರಲ್ಲಿ ಕಾರು ಏಳೆಂಟುನೂರು ಮೀಟರ್ ಮೇಲೇರಿರುತ್ತದೆ. ಜನ, ಸಾಮಾನು ಸೇರಿ 1,300 ಕಿಲೋ ತೂಗುವ ಕಾರನ್ನು ಅಷ್ಟೆತ್ತರಕ್ಕೆ ಎತ್ತಲು, ದೂರ ಕ್ರಮಿಸುವ ಖರ್ಚಿನ ಮೇಲೆ, ಸುಮಾರು ಮೂರು ಯೂನಿಟ್ ಬೇಕು. 24ರಲ್ಲಿ ಮೂರು ಎಂದರೆ ಎಂಟನೆಯ ಒಂದು ಭಾಗ. ಇಳಿಯುವಾಗ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವಾಪಸಾಗುತ್ತದೆ, ಆದರೆ ಬ್ಯಾಟರಿಯಲ್ಲಿ ಜಾಗವಿದ್ದರೆ ಮಾತ್ರ. ಸಕಲೇಶಪುರದಲ್ಲೋ ಮಡಿಕೇರಿಯಲ್ಲೋ ರಾತ್ರಿಯಿಡೀ ಚಾರ್ಜಿಗೆ ಹಾಕಿ, ನೂರಕ್ಕೆ ನೂರು ತುಂಬಿಸಿಕೊಂಡು ಬೆಳಿಗ್ಗೆ ಘಾಟಿ ಇಳಿಯಲು ಹೊರಟರೆ, ತುಂಬಿದ ಬ್ಯಾಟರಿ ಇನ್ನಷ್ಟು ವಿದ್ಯುತ್ತನ್ನು ಸ್ವೀಕರಿಸುವುದಿಲ್ಲ; ಮೋಟಾರಿನ ಹಿಡಿತ ಸಡಿಲವಾಗಿ ಇಳಿಜಾರಿನ ಹೊರೆಯೆಲ್ಲ ಸಾಮಾನ್ಯ ಬ್ರೇಕುಗಳ ಮೇಲೆ ಬೀಳುತ್ತದೆ. ಘಾಟಿಯ ನೆತ್ತಿಯಿಂದ ಹೊರಡುವವರು ಚಾರ್ಜನ್ನು 85 ಪ್ರತಿಶತದಲ್ಲಿ ನಿಲ್ಲಿಸುವುದೇ ಲೇಸು.

ಇನ್ನು ಮನೆಯ ಪ್ಲಗ್ಗಿನ ವಿಚಾರ. ಕಾರಿನೊಂದಿಗೆ ಬರುವ ಚಾರ್ಜಿಂಗ್ ಕೇಬಲ್ಲನ್ನು ಗೀಸರಿಗೆ, ಮನೆಯ ಎ.ಸಿ.ಗೆ ಬಳಸುವಂಥ 15 ಆಂಪಿಯರ್ ಸಾಕೆಟ್ಟಿಗೆ ಚುಚ್ಚಿದರೆ ಸುಮಾರು 3.3 ಕಿಲೋವ್ಯಾಟ್ ಎಳೆದುಕೊಳ್ಳುತ್ತದೆ. ಟಿಯಾಗೊದ ದೊಡ್ಡ ಬ್ಯಾಟರಿ ಹತ್ತರಿಂದ ನೂರು ಪ್ರತಿಶತಕ್ಕೆ ಬರಲು ಇದರಲ್ಲಿ ಒಂಬತ್ತು ಗಂಟೆಯ ಹತ್ತಿರ ಬೇಕು. ಕೇಳಿದವರಿಗೆ ಇದು ದೀರ್ಘವೆನಿಸುತ್ತದೆ, ಆದರೆ ಖಾಲಿ ಬ್ಯಾಟರಿಯೊಂದಿಗೆ ಮನೆಗೆ ಬರುವ ದಿನಗಳು ಎಷ್ಟಿರುತ್ತವೆ? ದಿನಕ್ಕೆ 40 ಕಿಲೋಮೀಟರ್ ಓಡಿಸುವವರಿಗೆ ಚಾರ್ಜಿಂಗ್‌ನಲ್ಲಾಗುವ ನಷ್ಟವೂ ಸೇರಿ ಐದು ಯೂನಿಟ್ ಸಾಕು; ಅದು ಒಂದೂವರೆ ಗಂಟೆಯ ಕೆಲಸ. ಹಾಗಾಗಿ ಹೆಚ್ಚು ಹಣ ತೆತ್ತು 7.2 ಕಿಲೋವ್ಯಾಟ್ ಗೋಡೆ ಚಾರ್ಜರ್ ಹಾಕಿಸಿಕೊಳ್ಳುವ ಅಗತ್ಯ ಇಂಥ ಚಿಕ್ಕ ಬ್ಯಾಟರಿಯ ಕಾರಿನ ಮಾಲೀಕರಲ್ಲಿ ಬಹುತೇಕರಿಗೆ ಇಲ್ಲವೆಂದೇ ನನ್ನ ಅಭಿಪ್ರಾಯ.

ಆ ಹಣದಲ್ಲಿ ಒಂದು ಪಾಲನ್ನು ವೈರಿಂಗಿಗೆ ಹಾಕುವುದು ಜಾಣತನ. ಗೀಸರ್ ಕಾಲು ಗಂಟೆ ಉರಿದು ಆರುತ್ತದೆ. ಕಾರು ಅದೇ ಸಾಕೆಟ್ಟಿನಿಂದ ಗಂಟೆಗಟ್ಟಲೆ, ಎಡೆಬಿಡದೆ, ಹದಿನಾಲ್ಕು ಹದಿನೈದು ಆಂಪಿಯರ್ ಎಳೆಯುತ್ತದೆ. ಒಳಗಿನ ಹಿತ್ತಾಳೆಯ ಹಿಡಿಕೆ ಸಡಿಲಾದ ಹಳೆಯ ಸಾಕೆಟ್ಟಾದರೆ ಪಿನ್ನು ಕೂರುವ ಜಾಗ ಕಾದು, ಮೊದಲು ಬಿಳಿಯ ಪ್ಲಾಸ್ಟಿಕ್ಕಿನ ಮೇಲೆ ತೂತಿನ ಸುತ್ತ ಚಹಾ ಬಣ್ಣದ ಉಂಗುರ ಮೂಡುತ್ತದೆ, ಆಮೇಲೆ ಸುಟ್ಟ ವಾಸನೆ ಬರುತ್ತದೆ. ಒಂದು ಗಂಟೆ ಚಾರ್ಜ್ ಆದ ಮೇಲೆ ಸ್ವಿಚ್ ಆರಿಸಿ, ಪ್ಲಗ್ಗನ್ನು ಕಳಚಿ, ಪಿನ್ನಿನ ಬುಡದ ಪ್ಲಾಸ್ಟಿಕ್ಕಿಗೆ ಬೆರಳು ತಾಗಿಸಿ ನೋಡುವುದು ಸರಳ ಪರೀಕ್ಷೆ: ಉಗುರು ಬೆಚ್ಚಗಿದ್ದರೆ ಸರಿ, ಬೆರಳಿಡಲಾಗದಷ್ಟು ಬಿಸಿಯಿದ್ದರೆ ಸಾಕೆಟ್ ಬದಲಿಸದೆ ಮತ್ತೆ ಚಾರ್ಜಿಗೆ ಹಾಕಬಾರದು. ಮೀಟರ್ ಬೋರ್ಡಿನಿಂದ ನೇರವಾಗಿ 4 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆಸಿ, ಅದಕ್ಕೇ ಪ್ರತ್ಯೇಕವಾಗಿ, ಕರೆಂಟ್ ಮಿತಿ ಮೀರಿದರೆ ತಾನೇ ಕಡಿಯುವ ಎಂಸಿಬಿ ಮತ್ತು ವಿದ್ಯುತ್ ಸೋರಿಕೆ ಹಿಡಿಯುವ ಆರ್‌ಸಿಸಿಬಿ ಕೂರಿಸಿ, ಒಳ್ಳೆಯ ಕೈಗಾರಿಕಾ ದರ್ಜೆಯ ಸಾಕೆಟ್ ಹಾಕಿಸಿದರೆ ವರ್ಷಗಟ್ಟಲೆ ಆ ಕಡೆ ಚಿಂತೆಯಿರುವುದಿಲ್ಲ. ಎಕ್ಸ್‌ಟೆನ್ಷನ್ ಬೋರ್ಡಿನಿಂದ ಚಾರ್ಜ್ ಮಾಡುವುದಂತೂ ಯಾವ ಕಾರಣಕ್ಕೂ ಕೂಡದು.

ಅರ್ಥಿಂಗ್ ಇನ್ನೂ ಮುಖ್ಯ. ಬಹಳಷ್ಟು ಹಳೆಯ ಮನೆಗಳಲ್ಲಿ ಮೂರನೆಯ ಪಿನ್ನಿನ ತಂತಿ ಹೆಸರಿಗೆ ಮಾತ್ರ ಇರುತ್ತದೆ. ಫ್ರಿಜ್ಜು, ಗೀಸರುಗಳು ಅದರ ತಂಟೆಗೆ ಹೋಗದೆ ನಡೆಯುತ್ತವೆ. ಕಾರಿನ ಚಾರ್ಜರ್ ಹಾಗಲ್ಲ. ವಿದ್ಯುತ್ ಬಿಡುವ ಮೊದಲು ಅದು ಅರ್ಥಿಂಗನ್ನು ಪರೀಕ್ಷಿಸುತ್ತದೆ, ಸರಿಯಿಲ್ಲದಿದ್ದರೆ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಕಾರು ಕೆಟ್ಟಿತೆಂದು ಸರ್ವಿಸ್ ಸೆಂಟರಿಗೆ ಫೋನಾಯಿಸುವ ಹೊಸಬರಲ್ಲಿ ಅನೇಕರಿಗೆ ಬೇಕಾಗಿರುವುದು ಎಲೆಕ್ಟ್ರಿಷಿಯನ್ನು. ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿದಾಗ ತಡೆ ಏರಿ ಇದೇ ತೊಂದರೆ ಮರುಕಳಿಸುವುದುಂಟು. ಆಗ ಗುಂಡಿಗೆ ನೀರು ಹಾಕುವುದೇ ಎಷ್ಟೋ ಸಲ ಪರಿಹಾರ. ಲೈನಿನ ಕೊನೆಯಲ್ಲಿರುವ ಹಳ್ಳಿ ಮನೆಗಳಲ್ಲಿ ವೋಲ್ಟೇಜ್ ಕುಸಿದಾಗಲೂ ಚಾರ್ಜಿಂಗ್ ನಿಧಾನವಾಗುತ್ತದೆ ಅಥವಾ ನಿಲ್ಲುತ್ತದೆ. ಮಧ್ಯೆ ಕರೆಂಟ್ ಹೋಗಿ ಬಂದರೆ ಗಾಬರಿಪಡಬೇಕಿಲ್ಲ, ನಿಂತಲ್ಲಿಂದಲೇ ಮುಂದುವರಿಯುವುದು ವಾಡಿಕೆ.

ಕರ್ನಾಟಕದ ಮನೆಗಳಿಗೆ ಮಾತ್ರ ಅನ್ವಯಿಸುವ ಒಂದು ತೊಡಕು ಗೃಹಜ್ಯೋತಿ. 2023ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ ಮನೆಯ ಹಿಂದಿನ ವರ್ಷದ ಸರಾಸರಿಗೆ ಶೇಕಡಾ 10ರಷ್ಟು ಸೇರಿಸಿ, ಗರಿಷ್ಠ 200 ಯೂನಿಟ್‌ವರೆಗೆ ಉಚಿತ ಮಿತಿ ನಿಗದಿಯಾಗಿದೆ. ಸ್ವಂತ ಮಿತಿ ಮೀರಿದರೆ ಹೆಚ್ಚುವರಿ ಯೂನಿಟ್‌ಗಳಿಗೆ ಹಣ ಕಟ್ಟಬೇಕು. ಒಟ್ಟು ಬಳಕೆ 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ತಿಂಗಳಿಗೆ 90 ಯೂನಿಟ್ ಬಳಸಿ ಶೂನ್ಯ ಬಿಲ್ ಪಡೆಯುತ್ತಿರುವ ಮನೆಗೆ ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವ ಕಾರು ಬಂದರೆ, ಯೂನಿಟ್ಟಿಗೆ 8 ಕಿಲೋಮೀಟರಿನ ಲೆಕ್ಕದಲ್ಲಿ 125 ಯೂನಿಟ್ ಸೇರಿ ಒಟ್ಟು 215 ಆಗುತ್ತದೆ. ಅಲ್ಲಿಗೆ ಕಾರಿನ 125 ಯೂನಿಟ್‌ಗಳ ಜೊತೆಗೆ, ಅಲ್ಲಿಯವರೆಗೆ ಉಚಿತವಾಗಿದ್ದ 90 ಯೂನಿಟ್‌ಗಳಿಗೂ ನಿಗದಿತ ಶುಲ್ಕಕ್ಕೂ ಹಣ ತೆರಬೇಕಾಗುತ್ತದೆ. ಆ ಬಿಲ್ಲಿನ ಪೂರ್ತಿ ಮೊತ್ತವನ್ನು ಕಾರಿನ ಖರ್ಚಿಗೇ ಹಚ್ಚಿ ನೋಡುವುದು ಪ್ರಾಮಾಣಿಕ ಲೆಕ್ಕ. ಇ.ವಿ. ಚಾರ್ಜಿಂಗ್‌ಗೆಂದೇ ರಾಜ್ಯದ ದರಪಟ್ಟಿಯಲ್ಲಿ ಪ್ರತ್ಯೇಕ ವರ್ಗವಿರುವುದರಿಂದ, ಕಾರಿಗೆ ಬೇರೆ ಮೀಟರ್ ಪಡೆದರೆ ಮನೆಯ ಮೀಟರ್ ತನ್ನ ಪಾಡಿಗೆ ಇರುತ್ತದೆ. ಒಂದೇ ಮೀಟರಿನಲ್ಲಿ ನಡೆಸುವವರು ಮಂಜೂರಾದ ಲೋಡ್ ಎಷ್ಟಿದೆಯೆಂದು ಬಿಲ್ಲಿನಲ್ಲಿ ನೋಡಿಕೊಳ್ಳಬೇಕು. ಎರಡು ಕಿಲೋವ್ಯಾಟ್ ಮಂಜೂರಾತಿಯ ಮನೆಯಲ್ಲಿ 3.3 ಕಿಲೋವ್ಯಾಟ್ ಚಾರ್ಜರ್ ಓಡಿಸುವುದು ನಿಯಮಕ್ಕೂ ತಂತಿಗೂ ಒಗ್ಗುವ ಮಾತಲ್ಲ.

ಅಪಾರ್ಟ್‌ಮೆಂಟಿನಲ್ಲಿ ತಾಂತ್ರಿಕ ತೊಂದರೆಗಿಂತ ಸಂಘದ ಸಭೆಯೇ ದೊಡ್ಡದು. ಮನೆಯಲ್ಲೋ ಕಚೇರಿಯಲ್ಲೋ ಈಗಿರುವ ವಿದ್ಯುತ್ ಸಂಪರ್ಕದಿಂದಲೇ ವಾಹನ ಚಾರ್ಜ್ ಮಾಡಿಕೊಳ್ಳಬಹುದೆಂದು ಕೇಂದ್ರ ವಿದ್ಯುತ್ ಸಚಿವಾಲಯದ 2022ರ ಮಾರ್ಗಸೂಚಿ ಹೇಳಿತ್ತು. ಆದರೂ ನೆಲಮಾಳಿಗೆಯ ಪಾರ್ಕಿಂಗಿಗೆ ಮೂರನೆಯ ಮಹಡಿಯ ಮೀಟರಿನಿಂದ ತಂತಿ ಎಳೆಯುವುದು ಹೇಗೆ, ಸಾಮಾನ್ಯ ಮೀಟರಿನಿಂದ ಕೊಟ್ಟರೆ ಲೆಕ್ಕ ಇಡುವವರು ಯಾರು ಎಂಬ ಪ್ರಶ್ನೆಗಳು ಉಳಿಯುತ್ತವೆ. ಸಂಘದ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ಆಮೇಲೆ ಕಾರು ಬುಕ್ ಮಾಡುವುದು ಸರಿಯಾದ ಕ್ರಮ.

ಮನೆಯಲ್ಲಿ ಸೌಲಭ್ಯವಿಲ್ಲದವರಿಗೆ ಸಾರ್ವಜನಿಕ ಚಾರ್ಜರುಗಳಿವೆ. 2024ರ ಅಂಕಿಅಂಶದಂತೆ ರಾಜ್ಯದಲ್ಲಿ 5,700ಕ್ಕೂ ಹೆಚ್ಚು ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿದ್ದು, ದೇಶದಲ್ಲೇ ಮೊದಲ ಸ್ಥಾನ ಕರ್ನಾಟಕದ್ದಾಗಿತ್ತು. ಆದರೆ ಅದರಲ್ಲಿ 4,400ಕ್ಕೂ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ ಇದ್ದವು. ಬೀದರಿನಿಂದ ಬಾಗಲಕೋಟೆಗೆ ಹೊರಟವರಿಗೆ ಮೊದಲನೆಯ ಅಂಕಿಯಿಂದ ಏನೂ ಪ್ರಯೋಜನವಿಲ್ಲ. ಕೇಂದ್ರವೆಂದು ನಕಾಶೆಯಲ್ಲಿ ಕಾಣುವುದೆಲ್ಲ ವೇಗದ ಚಾರ್ಜರೂ ಅಲ್ಲ. ಕೆಲವು ಬೈಕು, ಆಟೋಗಳಿಗೆ ಸರಿಹೊಂದುವ ನಿಧಾನದ ಪಾಯಿಂಟುಗಳು. ಕಾರಿಗೆ ಬೇಕಾದದ್ದು ಸಿಸಿಎಸ್–2 ಎಂಬ ದಪ್ಪ ಗನ್ (ಕಾರಿಗೆ ಚುಚ್ಚುವ ಪ್ಲಗ್) ಇರುವ, ಬ್ಯಾಟರಿಗೆ ನೇರ ವಿದ್ಯುತ್ತನ್ನು ವೇಗವಾಗಿ ತುಂಬುವ ಡಿ.ಸಿ. ಚಾರ್ಜರ್. ಕಾಮೆಟ್‌ನಂಥ ಕಾರು ಡಿ.ಸಿ. ಚಾರ್ಜಿಂಗ್ ಇಲ್ಲದೆಯೇ ಮಾರುಕಟ್ಟೆಗೆ ಬಂದದ್ದನ್ನೂ ನೆನಪಿಡಬೇಕು. ಅದು ಊರೊಳಗಿನ ಕಾರು, ದೂರದ ಊರಿನ ಆಸೆಯಿಂದ ಅದನ್ನು ಕೊಳ್ಳಬಾರದು.

ಡಿ.ಸಿ. ಚಾರ್ಜರಿನ ಮೇಲೆ ಬರೆದ 60 ಅಥವಾ 120 ಕಿಲೋವ್ಯಾಟ್ ಎಂಬ ಅಂಕಿ ನೋಡಿ ಹಿಗ್ಗಿದರೂ ಫಲವಿಲ್ಲ, ಏಕೆಂದರೆ ಎಷ್ಟು ಸ್ವೀಕರಿಸಬೇಕೆಂದು ತೀರ್ಮಾನಿಸುವುದು ಕಾರು. ಟಿಯಾಗೊ ಹತ್ತರಿಂದ 80 ಪ್ರತಿಶತಕ್ಕೆ ಬರಲು ಸುಮಾರು ಒಂದು ಗಂಟೆ ತೆಗೆದುಕೊಳ್ಳುತ್ತದೆ, ಅಂದರೆ ಸರಾಸರಿ 17 ಕಿಲೋವ್ಯಾಟ್ ಮಾತ್ರ. 80ರ ನಂತರ ವೇಗ ಇನ್ನೂ ತಗ್ಗುತ್ತದೆ. ಹಿಂದೆ ಇನ್ನೊಬ್ಬರು ಕಾಯುತ್ತಿರುವಾಗ ಕೊನೆಯ 20ಕ್ಕಾಗಿ ಗನ್ ಹಿಡಿದು ಕೂರುವುದು ಮರ್ಯಾದೆಯೂ ಅಲ್ಲ. ಒಂದೊಂದು ಸಂಸ್ಥೆಗೆ ಒಂದೊಂದು ಆ್ಯಪ್, ಒಂದೊಂದರಲ್ಲಿ ಮುಂಗಡ ಹಣ ಎಂಬ ಕಿರಿಕಿರಿ ಬೇರೆ. ಹೊರಡುವ ಹಿಂದಿನ ದಿನವೇ ಆ್ಯಪ್‌ಗಳನ್ನು ಹಾಕಿಕೊಂಡು, ದಾರಿಯಲ್ಲಿ ಒಂದರ ಬದಲು ಎರಡು ಕೇಂದ್ರ ಗುರುತಿಸಿಟ್ಟುಕೊಳ್ಳದೆ ದೂರ ಹೊರಡಬಾರದು.

ಹಣದ ಲೆಕ್ಕಕ್ಕೆ ಬಂದರೆ, ಮನೆಯ ಯೂನಿಟ್ಟಿಗೆ ತೆರಿಗೆ ಸೇರಿ 7 ರೂಪಾಯಿ, ಸಾರ್ವಜನಿಕ ಡಿ.ಸಿ. ಚಾರ್ಜಿಂಗ್‌ಗೆ 22 ರೂಪಾಯಿ, ಲೀಟರಿಗೆ 16 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಿಗೆ ಲೀಟರಿಗೆ 100 ರೂಪಾಯಿ ಎಂದು ಹಿಡಿಯೋಣ. ತಿಂಗಳಿಗೆ ಸಾವಿರ ಕಿಲೋಮೀಟರಿಗೆ ಪೆಟ್ರೋಲ್ 6,250 ರೂಪಾಯಿ, ಮನೆಯ ಚಾರ್ಜಿಂಗ್ 875 ರೂಪಾಯಿ, ಹೊರಗಿನದು 2,750 ರೂಪಾಯಿ. ಎಲೆಕ್ಟ್ರಿಕ್ ಕಾರಿಗೆ ಅದೇ ದರ್ಜೆಯ ಪೆಟ್ರೋಲ್ ಕಾರಿಗಿಂತ 2 ಲಕ್ಷ ಹೆಚ್ಚು ಕೊಟ್ಟಿದ್ದೀರಿ ಎಂದುಕೊಂಡರೆ, ಮನೆಯಲ್ಲಿ ಚಾರ್ಜ್ ಮಾಡುವವರಿಗೆ ಆ ಹಣ ಮೂರು ವರ್ಷ ಚಿಲ್ಲರೆಯಲ್ಲಿ ಹುಟ್ಟುತ್ತದೆ, ಹೊರಗೇ ಚಾರ್ಜ್ ಮಾಡುವವರಿಗೆ ನಾಲ್ಕೂವರೆ ವರ್ಷ ದಾಟುತ್ತದೆ. ತಿಂಗಳಿಗೆ 400 ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಮನೆಯಲ್ಲೇ ಚಾರ್ಜ್ ಮಾಡಿದರೂ ಏಳೂಮುಕ್ಕಾಲು ವರ್ಷ ಬೇಕು. 2025ರ ಸೆಪ್ಟೆಂಬರಿನಲ್ಲಿ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇಕಡಾ 18ಕ್ಕೆ ಇಳಿದು, ಎಲೆಕ್ಟ್ರಿಕ್ ಕಾರುಗಳದ್ದು ಶೇಕಡಾ 5ರಲ್ಲೇ ಉಳಿದದ್ದರಿಂದ ಬೆಲೆಯ ಅಂತರದ ಲೆಕ್ಕವನ್ನು ಹಳೆಯ ಲೇಖನಗಳಿಂದ ಎತ್ತಿಕೊಳ್ಳದೆ ಹೊಸದಾಗಿ ಮಾಡಬೇಕು. ರಸ್ತೆ ತೆರಿಗೆಯ ರಿಯಾಯಿತಿಯೂ ಹಾಗೆಯೇ, ಕೊಳ್ಳುವ ವಾರದ ದರವನ್ನೇ ನೋಡಬೇಕು. ವಿಮೆಯಲ್ಲಿ ಥರ್ಡ್ ಪಾರ್ಟಿ ಕಂತಿಗೆ ಶೇಕಡಾ 15ರ ರಿಯಾಯಿತಿ 2022ರಿಂದ ಇದೆ; 30ರಿಂದ 65 ಕಿಲೋವ್ಯಾಟ್ ಮೋಟಾರಿನ ಕಾರಿಗೆ ಆಗ ನಿಗದಿಯಾದದ್ದು 2,904 ರೂಪಾಯಿ. ಉಳಿದ ವಿಮೆಯ ಕಂತು ಕಾರಿನ ಬೆಲೆಯನ್ನು ಅನುಸರಿಸುವುದರಿಂದ ಈ ಉಳಿತಾಯ ಅಲ್ಲಿ ಕರಗಿಹೋಗುವುದೂ ಉಂಟು.

ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆಂಬ ಅಂಜಿಕೆ ಎಲ್ಲರಿಗೂ ಇದ್ದದ್ದೇ. ಇಂದಿನ ಅಗ್ಗದ ಕಾರುಗಳಲ್ಲಿ ಹೆಚ್ಚಾಗಿರುವ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಕೋಶಗಳು ಬಿಸಿಯನ್ನೂ ಪದೇ ಪದೇ ಚಾರ್ಜ್ ಆಗುವುದನ್ನೂ ಚೆನ್ನಾಗಿ ತಾಳಿಕೊಳ್ಳುವಂಥವು. ಅವುಗಳ ವೋಲ್ಟೇಜ್ ತುಂಬಿದಾಗಲೂ ಅರ್ಧವಿದ್ದಾಗಲೂ ಹೆಚ್ಚು ಬದಲಾಗದ ಕಾರಣ, ಎಷ್ಟು ಉಳಿದಿದೆಯೆಂಬ ಅಂದಾಜು ಕಾರಿಗೇ ಮೆಲ್ಲಗೆ ತಪ್ಪತೊಡಗುತ್ತದೆ. ಆದ್ದರಿಂದ ಆಗಾಗ ನೂರಕ್ಕೆ ನೂರು ತುಂಬಿಸಲು ತಯಾರಕರು ಸೂಚಿಸುತ್ತಾರೆ. ತುಂಬಿದ ಬ್ಯಾಟರಿಯೊಂದಿಗೆ ಕಾರನ್ನು ವಾರಗಟ್ಟಲೆ ಬಿಸಿಲಿನಲ್ಲಿ ನಿಲ್ಲಿಸಿ ಊರಿಗೆ ಹೋಗುವುದು ಮಾತ್ರ ಒಳ್ಳೆಯದಲ್ಲ. ಒಂದು ವಿಚಿತ್ರ ಸಂಗತಿಯೆಂದರೆ, ದಾರಿಯಲ್ಲಿ ಕೈಕೊಡುವುದು ಎಷ್ಟೋ ಸಲ ಈ ದೊಡ್ಡ ಬ್ಯಾಟರಿಯಲ್ಲ. ಬೀಗ, ಪರದೆ, ಕಂಪ್ಯೂಟರುಗಳನ್ನು ಎಚ್ಚರಿಸುವ ಮಾಮೂಲಿ 12 ವೋಲ್ಟ್ ಬ್ಯಾಟರಿ ಸತ್ತರೆ, ಕೆಳಗೆ 24 ಯೂನಿಟ್ ತುಂಬಿದ್ದರೂ ಕಾರು ಕದಲುವುದಿಲ್ಲ.

ಹಳೆಯ ಕಾರುಗಳೂ ಈಗ ಮಾರುಕಟ್ಟೆಗೆ ಬರುತ್ತಿವೆ. ಟಿಯಾಗೊದ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರಿನ ವಾರಂಟಿ ಘೋಷಿತವಾಗಿತ್ತು; ಅದು ಎರಡನೆಯ ಮಾಲೀಕರಿಗೆ ಎಷ್ಟರಮಟ್ಟಿಗೆ ದಕ್ಕುತ್ತದೆಂದು ಕಂಪನಿಯಿಂದ ಬರಹದಲ್ಲಿ ಕೇಳಿ ಪಡೆಯಬೇಕು. ಪರೀಕ್ಷೆಗೆಂದು ಕಾರನ್ನು ಡಿ.ಸಿ. ಚಾರ್ಜರಿಗೆ ಒಯ್ದು 20ರಿಂದ 80 ಪ್ರತಿಶತದವರೆಗೆ ಚಾರ್ಜ್ ಮಾಡಿ, ಚಾರ್ಜರಿನ ಪರದೆಯಲ್ಲಿ ಎಷ್ಟು ಯೂನಿಟ್ ಹೋಯಿತೆಂದು ನೋಡಬಹುದು. 24 ಯೂನಿಟ್ ಬ್ಯಾಟರಿ ಆರೋಗ್ಯವಾಗಿದ್ದರೆ 13–14 ಯೂನಿಟ್ ಹೋಗಬೇಕು. ಹತ್ತು ಯೂನಿಟ್ಟಿಗೇ ಕಾರು 80 ತೋರಿಸಿದರೆ ಸಾಮರ್ಥ್ಯ ಕುಸಿದಿರುವ ಅನುಮಾನಕ್ಕೆ ಎಡೆಯಿದೆ. ಸರ್ವಿಸ್ ಸೆಂಟರಿನಿಂದ ಬ್ಯಾಟರಿ ವರದಿ ತರಿಸಿ ನೋಡಿದ ಮೇಲೆಯೇ ಬೆಲೆಯ ಮಾತೆತ್ತಬೇಕು.